ಒರ್ಲಾಂಡೊ ಮತ್ತು ಕನ್ನಡದ ಪ್ರಥಮ ಪುರುಷ

ವರ್ಜೀನಿಯಾ ವುಲ್ಫ್ ಅವರ ‘ಒರ್ಲಾಂಡೊ’ ಕಾದಂಬರಿಯು ಪ್ರಕಟವಾದದ್ದು 1928ರ ಅಕ್ಟೋಬರ್ 11ರಂದು. ಕಾದಂಬರಿಯ ಕಥೆ ಮುಗಿಯುವುದೂ ಅದೇ ದಿನ. ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಹದಿನಾರರ ಹುಡುಗನಾಗಿ ಕಾಣಿಸಿಕೊಳ್ಳುವ ಒರ್ಲಾಂಡೊ ಮುನ್ನೂರಕ್ಕೂ ಹೆಚ್ಚು ವರ್ಷ ಬದುಕಿ, ಮೂವತ್ತಾರರ ಹೆಣ್ಣಾಗಿ 1928ಕ್ಕೆ ಬಂದು ನಿಲ್ಲುತ್ತಾಳೆ. ನಡುವೆ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ರಾಯಭಾರಿಯಾಗಿದ್ದಾಗ, ಏಳು ದಿನಗಳ ದೀರ್ಘ ನಿದ್ರೆಯಿಂದ ಎದ್ದ ಒರ್ಲಾಂಡೊನ ದೇಹ ಹೆಣ್ಣಾಗಿರುತ್ತದೆ. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ ಆ ವ್ಯಕ್ತಿಗೆ ಯಾವ ಗಾಬರಿಯೂ ಆಗುವುದಿಲ್ಲ. ಗಾಬರಿಯಾಗುವುದು ಕಥೆಯನ್ನು ಹೇಳುತ್ತಿರುವ ಜೀವನಚರಿತ್ರೆಕಾರನಿಗೆ. ಇನ್ನು ಮುಂದೆ ಯಾವ ಸರ್ವನಾಮವನ್ನು ಬಳಸಬೇಕೆಂಬುದು ಅವನ ಕಷ್ಟ. ವ್ಯಕ್ತಿಯು ಎಲ್ಲ ರೀತಿಯಿಂದಲೂ ಹಿಂದಿನಂತೆಯೇ ಇರುವುದೆಂದೂ, ರೂಢಿಗೆ ತಲೆಬಾಗಿ ಮಾತ್ರ ‘ಅವನು’ ಎಂಬಲ್ಲಿ ‘ಅವಳು’ ಎನ್ನಬೇಕಾಗಿದೆಯೆಂದೂ ಅವನು ಸಮಜಾಯಿಷಿ ಕೊಡುತ್ತಾನೆ.

ಈ ಕಾದಂಬರಿಯನ್ನು ರಂಗಕ್ಕೆ ತರುವವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ನಟನ ದೇಹವನ್ನು ಕುರಿತು: ಗಂಡೂ ಹೆಣ್ಣೂ ಆಗಬಲ್ಲ ಕಲಾವಿದರು ಯಾರು, ಉಡುಪು ಬದಲಾಗುವುದು ಎಲ್ಲಿ, ಧ್ವನಿ ಬದಲಾಗುವುದು ಹೇಗೆ ಎಂಬುದನ್ನು ಕುರಿತು. ಈ ಪ್ರಶ್ನೆಗಳು ಅನಗತ್ಯವಲ್ಲ. ಆದರೆ ಮೂಲ ಕೃತಿಯಲ್ಲಿ ಬಿಕ್ಕಟ್ಟು ಇರುವುದು ಒರ್ಲಾಂಡೊನ ದೇಹದಲ್ಲಿ ಅಲ್ಲ, ಒರ್ಲಾಂಡೊನನ್ನು ಕುರಿತು ಮಾತನಾಡುವವರ ಬಾಯಲ್ಲಿ. ಕನ್ನಡದಲ್ಲಿ ಇದು ಇತರ ಹಲವು ಭಾಷೆಗಳಿಗಿಂತ ಸ್ಪಷ್ಟವಾಗಿ ಕೇಳಿಸಬಲ್ಲದು. ಅದಕ್ಕೆ ಬೇಕಾದ ರಂಗರೂಪವೂ ಉತ್ತರ ಕನ್ನಡದ ಕರಾವಳಿಯಲ್ಲಿ, ಕುಮಟೆ ಹೊನ್ನಾವರಗಳಿಂದ ಕಾಯ್ಕಿಣಿ ಭಟ್ಕಳಗಳವರೆಗಿನ ಊರುಗಳಲ್ಲಿ, ಇಂದಿಗೂ ಜೀವಂತವಾಗಿದೆ.

ಕಾದಂಬರಿಯ ಹಿನ್ನೆಲೆಯಲ್ಲಿರುವ ನಿಜ ಸಂಗತಿಯನ್ನು ಮೊದಲು ನೆನಪಿಸಿಕೊಳ್ಳಬೇಕು. ವುಲ್ಫ್ ಈ ಕೃತಿಯನ್ನು ಅರ್ಪಿಸಿದ್ದು ತಮ್ಮ ಗೆಳತಿ, ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಅವರಿಗೆ. ವೀಟಾ ಹುಟ್ಟಿ ಬೆಳೆದ ನೋಲ್ ಎಂಬ ಮಹಾಸೌಧವು, ತಂದೆಯ ಮರಣಾನಂತರ, ಆಕೆ ಹೆಣ್ಣೆಂಬ ಕಾರಣಕ್ಕೆ ಆಕೆಗೆ ದಕ್ಕದೆ ಚಿಕ್ಕಪ್ಪನ ಪಾಲಾಯಿತು. ಅದು ನಡೆದದ್ದೂ 1928ರಲ್ಲಿಯೇ. ಕಾದಂಬರಿಯಲ್ಲಿ ಹೆಣ್ಣಾಗಿ ಇಂಗ್ಲೆಂಡಿಗೆ ಮರಳುವ ಒರ್ಲಾಂಡೊನ ಮೇಲೆ ಮೊಕದ್ದಮೆಗಳು ಕಾದಿರುತ್ತವೆ. ಸತ್ತವರಿಗೆ ಆಸ್ತಿಯಿಲ್ಲ, ಹೆಣ್ಣಿಗೂ ಆಸ್ತಿಯಿಲ್ಲ. ನ್ಯಾಯಾಲಯದ ದೃಷ್ಟಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ತಲೆಮಾರುಗಳ ಕಾಲ ನಡೆದ ವ್ಯಾಜ್ಯದ ಕೊನೆಗೆ ಒರ್ಲಾಂಡೊ ನಿಸ್ಸಂದೇಹವಾಗಿ ಹೆಣ್ಣು ಎಂಬ ತೀರ್ಪು ಬರುತ್ತದೆ. ತಾನು ಯಾರೆಂಬುದು ಆ ವ್ಯಕ್ತಿಗೆ ಮೊದಲಿನಿಂದಲೂ ಗೊತ್ತಿತ್ತು; ಗೊತ್ತಾಗಲು ನೂರು ವರ್ಷ ಬೇಕಾದದ್ದು ನ್ಯಾಯಾಲಯಕ್ಕೆ. ವುಲ್ಫ್ ಅವರ ವಿನೋದದ ಹಿಂದಿರುವ ಕಹಿ ಇದು. ಇದನ್ನು ಬಿಟ್ಟರೆ ‘ಒರ್ಲಾಂಡೊ’ ಒಂದು ಚಂದದ ವೇಷಭೂಷಣದ ಪ್ರದರ್ಶನವಾಗಿ ಉಳಿಯುತ್ತದೆ.

ಪಾಶ್ಚಾತ್ಯ ರಂಗಭೂಮಿಯಲ್ಲಿ ಈ ಕೃತಿ ಹಲವು ರೂಪಗಳನ್ನು ಪಡೆದಿದೆ. ಅಮೆರಿಕದ ನಿರ್ದೇಶಕ ರಾಬರ್ಟ್ ವಿಲ್ಸನ್ 1989ರಲ್ಲಿ ಬರ್ಲಿನ್‌ನಲ್ಲಿ ನಟಿ ಯುಟ್ಟಾ ಲಾಂಪೆ ಅವರೊಬ್ಬರಿಂದಲೇ ಇದನ್ನು ಏಕವ್ಯಕ್ತಿ ಪ್ರಯೋಗವಾಗಿ ಮಾಡಿಸಿದರು. ಮುಂದೆ ಅದೇ ಪ್ರಯೋಗವನ್ನು ಫ್ರೆಂಚ್ ಭಾಷೆಯಲ್ಲಿ ಇಸಬೆಲ್ ಯುಪೇರ್, ಇಂಗ್ಲಿಷಿನಲ್ಲಿ ಮಿರಾಂಡಾ ರಿಚರ್ಡ್‌ಸನ್ ನಿರ್ವಹಿಸಿದರು. ಸಾರಾ ರೂಲ್ ಅವರ ರೂಪಾಂತರದಲ್ಲಿ ಮೇಳವೊಂದು ನಿರಂತರವಾಗಿ ಕಥನವನ್ನು ಸಾಗಿಸುತ್ತದೆ. ಪಾತ್ರಗಳು ತಮ್ಮನ್ನು ಕುರಿತೇ ಮೂರನೆಯವರಂತೆ ಮಾತನಾಡುತ್ತವೆ. 2022ರ ಕೊನೆಯಲ್ಲಿ ಲಂಡನ್ನಿನ ಗ್ಯಾರಿಕ್ ರಂಗಮಂದಿರದಲ್ಲಿ ಮೈಕೆಲ್ ಗ್ರಾಂಡೇಜ್ ನಿರ್ದೇಶನದಲ್ಲಿ ಬಂದ ನೀಲ್ ಬಾರ್ಟ್ಲೆಟ್ ಅವರ ರೂಪಾಂತರದಲ್ಲಿ ಎಮಾ ಕೋರಿನ್ ಒರ್ಲಾಂಡೊ ಆಗಿದ್ದರು; ಅವರ ಸುತ್ತ ಒಬ್ಬರಲ್ಲ, ಒಂಬತ್ತು ಮಂದಿ ವರ್ಜೀನಿಯಾ ವುಲ್ಫ್‌ಗಳಿದ್ದರು. ಇವೆಲ್ಲವನ್ನೂ ಒಟ್ಟಿಗೆ ನೋಡಿದಾಗ ಒಂದು ಸಂಗತಿ ಕಾಣುತ್ತದೆ. ಕಥೆ ಹೇಳುವವನನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಪ್ರತಿಯೊಬ್ಬ ರೂಪಾಂತರಕಾರರೂ ಹೊಸದಾಗಿ ಉತ್ತರ ಹುಡುಕಬೇಕಾಯಿತು. ವಾಸ್ತವವಾದಿ ರಂಗದಲ್ಲಿ ಅವನಿಗೆ ಸ್ಥಾನವಿಲ್ಲ. ಆದರೆ ಅವನನ್ನು ಬಿಟ್ಟರೆ ಕಾದಂಬರಿಯೇ ಇಲ್ಲ.

ಇವುಗಳಲ್ಲಿ ಕನ್ನಡದ ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು ವಿಲ್ಸನ್ 2009ರಲ್ಲಿ ತೈಪೆಯಲ್ಲಿ ಮಾಡಿಸಿದ ಪ್ರಯೋಗ. ಅಲ್ಲಿ ಒರ್ಲಾಂಡೊ ಆದವರು ಪೀಕಿಂಗ್ ಒಪೆರಾದ ಪ್ರಸಿದ್ಧ ಕಲಾವಿದೆ ವೇಯ್ ಹೈ-ಮಿನ್. ಆ ರಂಗಪ್ರಕಾರದಲ್ಲಿ ಪುರುಷಪಾತ್ರ ಮತ್ತು ಸ್ತ್ರೀಪಾತ್ರಗಳಿಗೆ ಬೇರೆ ಬೇರೆ ಧ್ವನಿ, ನಡಿಗೆ, ಕೈಚಲನೆಗಳು ನಿಯತವಾಗಿವೆ. ವೇಯ್ ಹೈ-ಮಿನ್ ಸ್ತ್ರೀಪಾತ್ರದಲ್ಲಿ ಪಳಗಿದವರು, ಮೇ ಲಾನ್‌ಫಾಂಗ್ ಪರಂಪರೆಗೆ ಸೇರಿದವರು. ಮೇ ಲಾನ್‌ಫಾಂಗ್ ಆದರೋ ಸ್ತ್ರೀಪಾತ್ರಗಳಿಂದಲೇ ಲೋಕಪ್ರಸಿದ್ಧನಾದ ಪುರುಷ. ಅಂದರೆ, ಗಂಡಸೊಬ್ಬ ರೂಪಿಸಿದ ಹೆಣ್ತನವನ್ನು ಹೆಣ್ಣೊಬ್ಬಳು ಅಭ್ಯಾಸದಿಂದ ಕಲಿತು, ಒರ್ಲಾಂಡೊಗಾಗಿ ಗಂಡಿನ ನಡೆಯನ್ನು ಮತ್ತೆ ಕಲಿಯಬೇಕಾಯಿತು. ಭಾಷೆಯ ವಿಷಯದಲ್ಲಿಯೂ ಅಲ್ಲೊಂದು ವಿಶೇಷವಿದೆ. ಚೀನೀ ಭಾಷೆಯ ಬರವಣಿಗೆಯಲ್ಲಿ ‘ಅವನು’ ಮತ್ತು ‘ಅವಳು’ ಎಂಬುದಕ್ಕೆ ಬೇರೆ ಬೇರೆ ಚಿಹ್ನೆಗಳಿದ್ದರೂ ಉಚ್ಚಾರಣೆ ಒಂದೇ. ಆದ್ದರಿಂದ ಆ ರಂಗದ ಮೇಲೆ ಲಿಂಗಪರಿವರ್ತನೆಯನ್ನು ಸರ್ವನಾಮ ಹೇಳಲಾರದು. ಶಾರೀರ ಮತ್ತು ನಡಿಗೆಗಳೇ ಹೇಳಬೇಕು.

ಕನ್ನಡದ ಸ್ಥಿತಿ ಇದಕ್ಕೆ ಪೂರ್ಣ ವಿರುದ್ಧ. ಕನ್ನಡದಲ್ಲಿ ಸರ್ವನಾಮದ ಜೊತೆಗೆ ಕ್ರಿಯಾಪದವೂ ಲಿಂಗವನ್ನು ಹೊರುತ್ತದೆ. ಬಂದನು, ಬಂದಳು, ಬಂದಿತು: ಆಖ್ಯಾತವೊಂದನ್ನು ಮುಗಿಸಬೇಕಾದರೆ ಬಂದವರು ಯಾರೆಂದು ನಿರ್ಣಯಿಸಲೇಬೇಕು. ಆದರೆ ಈ ನಿರ್ಬಂಧ ಇರುವುದು ವ್ಯಾಕರಣಕಾರರು ಪ್ರಥಮ ಪುರುಷ ಎಂದು ಕರೆಯುವ, ಅನ್ಯರನ್ನು ಕುರಿತು ಆಡುವ ಮಾತಿನಲ್ಲಿ ಮಾತ್ರ. ಉತ್ತಮ ಪುರುಷದಲ್ಲಿ, ಅಂದರೆ ತನ್ನನ್ನು ಕುರಿತು ಆಡುವ ಮಾತಿನಲ್ಲಿ, ಅದು ಇಲ್ಲವೇ ಇಲ್ಲ. ‘ನಾನು ಬಂದೆನು’ ಎಂದು ಯಾರು ಬೇಕಾದರೂ ಹೇಳಬಹುದು. ಮಧ್ಯಮ ಪುರುಷದಲ್ಲಿ ‘ನೀನು ಬಂದೆ’ ಎಂಬಲ್ಲಿಯೂ ಲಿಂಗವಿಲ್ಲ. ಸಲುಗೆಯಿಂದ ಕರೆಯುವಾಗ ‘ಬಾರೋ’, ‘ಬಾರೇ’ ಎಂಬ ಭೇದ ಇಣುಕುತ್ತದೆ, ಅದೂ ಕರೆಯುವವರ ಬಾಯಿಂದ. ಹೀಗೆ ಕನ್ನಡದ ಕ್ರಿಯಾಪದ ವ್ಯವಸ್ಥೆಯಲ್ಲಿ ‘ನಾನು’ ಎಂಬುದಕ್ಕೆ ಲಿಂಗವಿಲ್ಲ. ಲಿಂಗವು ಯಾವಾಗಲೂ ಇನ್ನೊಬ್ಬರು ಕೊಡುವಂಥದ್ದು.

ಇದು ಎಲ್ಲ ಭಾಷೆಗಳ ಸಾಮಾನ್ಯ ಲಕ್ಷಣವೇನಲ್ಲ. ಹಿಂದಿಯಲ್ಲಿ ‘ನಾನು ಬಂದೆ’ ಎನ್ನುವ ಗಂಡಿನ ಕ್ರಿಯಾಪದವೇ ಬೇರೆ, ಹೆಣ್ಣಿನ ಕ್ರಿಯಾಪದವೇ ಬೇರೆ. ಕೊಂಕಣಿಯಲ್ಲಿಯೂ ಭೂತಕಾಲದ ಕ್ರಿಯೆ ಮಾತನಾಡುವವರ ಲಿಂಗಕ್ಕನುಗುಣವಾಗಿ ಬದಲಾಗುತ್ತದೆ. ಕಾಯ್ಕಿಣಿಯಂಥ ಊರಿನಲ್ಲಿ ಕನ್ನಡ ಕೊಂಕಣಿಗಳೆರಡೂ ಒಂದೇ ಅಂಗಳದಲ್ಲಿ ಆಡುವ ಮಾತುಗಳು. ಅಲ್ಲಿ ಒಬ್ಬ ವ್ಯಕ್ತಿ ಕೊಂಕಣಿಯಲ್ಲಿ ‘ಬಂದೆ’ ಎಂದರೆ ತಾನು ಗಂಡೋ ಹೆಣ್ಣೋ ಎಂಬುದನ್ನು ಸಾರಿದಂತಾಯಿತು. ಅದನ್ನೇ ಕನ್ನಡದಲ್ಲಿ ಹೇಳಿದರೆ ಏನನ್ನೂ ಸಾರಿದಂತಾಗಲಿಲ್ಲ. ಇದೇ ಕರಾವಳಿಯ ಹವ್ಯಕ ಕನ್ನಡದಲ್ಲಿ ಇನ್ನೊಂದು ಸೋಜಿಗವಿದೆ. ಅಲ್ಲಿ ಮನೆಯ ಹೆಂಗಸರನ್ನು ಕುರಿತು ನಪುಂಸಕ ರೂಪವನ್ನು ಬಳಸುವುದು ಸಹಜ. ಅಕ್ಕನನ್ನೂ ಮಗಳನ್ನೂ ‘ಅದು’ ಎಂದೇ ಹೇಳುತ್ತಾರೆ. ಅದರಲ್ಲಿ ಅನಾದರವಿಲ್ಲ, ಸಲುಗೆಯಿದೆ. ಅದೇ ‘ಅದು’ ಎಂಬ ಮಾತನ್ನು ಬೀದಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರೊಬ್ಬರ ಮೇಲೆ ಎಸೆದಾಗ ಅದು ಮನುಷ್ಯತ್ವವನ್ನೇ ನಿರಾಕರಿಸುವ ಬೈಗುಳವಾಗುತ್ತದೆ. ಒಂದೇ ಪ್ರತ್ಯಯವು ಒಂದೆಡೆ ವಾತ್ಸಲ್ಯ, ಇನ್ನೊಂದೆಡೆ ಹಿಂಸೆ.

ವ್ಯಾಕರಣದ ಈ ವಿಚಾರ ಕರಾವಳಿಗೆ ಹೊಸತಲ್ಲ. ಭಟ್ಕಳದ ಒಳನಾಡಿನಲ್ಲಿರುವ ಹಾಡುವಳ್ಳಿ, ಹಿಂದಿನ ಸಂಗೀತಪುರ, ಜೈನ ವಿದ್ವತ್ತಿನ ಕೇಂದ್ರವಾಗಿತ್ತು. ಅಲ್ಲಿಯ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದನು. ಸಂಸ್ಕೃತ ಸೂತ್ರಗಳಲ್ಲಿ ಬರೆದ ಕನ್ನಡದ ವ್ಯಾಕರಣ ಅದು. ಎರಡೂ ಭಾಷೆಗಳನ್ನು ಎದುರುಬದುರು ಇಟ್ಟವರಿಗೆ ಲಿಂಗದ ಭೇದ ಎದ್ದು ಕಾಣದಿರಲಾರದು. ಸಂಸ್ಕೃತದಲ್ಲಿ ಹೆಂಡತಿಯನ್ನು ಹೇಳುವ ‘ಭಾರ್ಯಾ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕಲಿಂಗ. ಅಲ್ಲಿ ಲಿಂಗವು ಶಬ್ದದ ಗುಣ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಎದುರಿಗಿರುವ ವ್ಯಕ್ತಿಯನ್ನು ನೋಡಿ ನಿರ್ಣಯವಾಗುತ್ತದೆ. ಹಾಗಾದರೆ ನೋಡುವವರ ನಿರ್ಣಯ ತಪ್ಪಿದರೆ? ‘ಒರ್ಲಾಂಡೊ’ ಕೇಳುವ ಪ್ರಶ್ನೆ ಇದೇ.

ಈ ಪ್ರಶ್ನೆಯನ್ನು ಹಳೆಯ ಕಾಲ ಅರಿಯದೆ ಇರಲಿಲ್ಲ ಎಂಬುದಕ್ಕೆ ಜೈನ ಸಾಹಿತ್ಯದಿಂದ ಒಂದೆರಡು ಸಂಗತಿಗಳನ್ನು ನೆನೆಯಬಹುದು. ಹತ್ತೊಂಬತ್ತನೆಯ ತೀರ್ಥಂಕರ ಮಲ್ಲಿಯನ್ನು ದಿಗಂಬರ ಸಂಪ್ರದಾಯವು ಪುರುಷನೆಂದು ಹೇಳುತ್ತದೆ. ಕನ್ನಡದಲ್ಲಿ ‘ಮಲ್ಲಿನಾಥ ಪುರಾಣ’ವನ್ನು ಬರೆದ ನಾಗಚಂದ್ರನದು ಈ ಸಂಪ್ರದಾಯ. ಶ್ವೇತಾಂಬರ ಆಗಮವಾದ ‘ಜ್ಞಾತಾಧರ್ಮಕಥಾ’ದಲ್ಲಿ ಮಲ್ಲಿ ರಾಜಕುಮಾರಿ, ತನ್ನನ್ನು ಬಯಸಿ ಬಂದ ರಾಜರ ಮೋಹವನ್ನು ತನ್ನದೇ ಪ್ರತಿಮೆಯೊಂದರ ಮೂಲಕ ಕಳೆದವಳು. ಒಂದೇ ಜೀವ, ಒಂದು ಪರಂಪರೆಯ ಬಾಯಲ್ಲಿ ‘ಅವನು’, ಇನ್ನೊಂದರ ಬಾಯಲ್ಲಿ ‘ಅವಳು’. ಇದರ ಹಿಂದೆ ಸ್ತ್ರೀಜನ್ಮದಲ್ಲಿ ಮೋಕ್ಷ ಸಾಧ್ಯವೇ ಎಂಬ ದೀರ್ಘ ವಾದವಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಯಾಪನೀಯ ಆಚಾರ್ಯ ಶಾಕಟಾಯನನು ಸ್ತ್ರೀಯರ ಪರವಾಗಿ ‘ಸ್ತ್ರೀನಿರ್ವಾಣ ಪ್ರಕರಣ’ವನ್ನೇ ಬರೆದನು. ಅವನೂ ವೈಯಾಕರಣನೆಂಬುದು ಗಮನಾರ್ಹ.

ನೇಮಿಚಂದ್ರರ ‘ಗೊಮ್ಮಟಸಾರ’ವು ಪುರುಷ, ಸ್ತ್ರೀ, ನಪುಂಸಕ ಎಂಬ ಮೂರು ವೇದಗಳನ್ನು ವಿವರಿಸುವಾಗ ದ್ರವ್ಯವೇದ ಮತ್ತು ಭಾವವೇದಗಳೆಂಬ ವಿಭಾಗವನ್ನು ಮಾಡುತ್ತದೆ. ಶರೀರದ ಚಿಹ್ನೆ ದ್ರವ್ಯವೇದ. ಅಂತರಂಗದ ಒಲವು ಭಾವವೇದ. ಇವೆರಡೂ ಬಹುಮಟ್ಟಿಗೆ ಹೊಂದಿಕೊಂಡಿರುತ್ತವೆ, ಕೆಲವೆಡೆ ಹೊಂದುವುದಿಲ್ಲ ಎಂಬುದನ್ನು ಆ ಗ್ರಂಥ ಯಾವ ಉದ್ವೇಗವೂ ಇಲ್ಲದೆ ಹೇಳುತ್ತದೆ. ಇಲ್ಲಿ ಎಚ್ಚರ ಬೇಕು. ವೇದವೆಂಬುದು ಮೋಹನೀಯ ಕರ್ಮದ ಒಂದು ಭೇದ, ಕಾಮನೆಯ ಸ್ವರೂಪವನ್ನು ಹೇಳುವ ಪರಿಭಾಷೆ. ಅದು ಇಂದಿನ ಲಿಂಗತ್ವ ಅಸ್ಮಿತೆಯ ಪರ್ಯಾಯ ಪದವಲ್ಲ. ಹಳೆಯ ಶಾಸ್ತ್ರದಲ್ಲಿ ಹೊಸ ಸಿದ್ಧಾಂತ ಮೊದಲೇ ಇತ್ತೆಂದು ಹೇಳುವ ಹುಮ್ಮಸ್ಸು ಎರಡಕ್ಕೂ ನ್ಯಾಯ ಒದಗಿಸದು. ಇಲ್ಲಿ ಪ್ರಸ್ತುತವಾದದ್ದು ಇಷ್ಟೇ: ಕಾಣುವ ದೇಹ ಮತ್ತು ಅನುಭವಿಸುವ ಅಂತರಂಗಗಳು ಎರಡೆಂದೂ, ಒಂದನ್ನು ನೋಡಿ ಇನ್ನೊಂದನ್ನು ಯಾವಾಗಲೂ ಹೇಳಲಾಗದೆಂದೂ ಕರ್ನಾಟಕದಲ್ಲಿ ಸಾವಿರ ವರ್ಷದ ಹಿಂದೆಯೇ ವಿದ್ವಾಂಸರು ಶಾಂತವಾಗಿ ಒಪ್ಪಿದ್ದರು.

ಇನ್ನು ರಂಗದ ಮಾತು. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯಿಂದ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರಂಥ ಮೇರು ಕಲಾವಿದರವರೆಗೆ ಈ ಪ್ರದೇಶದ ಬಡಗುತಿಟ್ಟಿಗೆ ತನ್ನದೇ ಚರಿತ್ರೆಯಿದೆ. ಯಕ್ಷಗಾನದ ರಚನೆಯಲ್ಲಿ ಎರಡು ಧ್ವನಿಗಳು ಸ್ಪಷ್ಟವಾಗಿ ಬೇರೆಯಾಗಿವೆ. ಭಾಗವತನು ಹಾಡುವ ಪದ್ಯಗಳಲ್ಲಿ ಕೆಲವು ಪಾತ್ರದ ಮಾತಾಗಿದ್ದರೂ ಕಥನದ ಪದ್ಯಗಳು ಪ್ರಥಮ ಪುರುಷದಲ್ಲಿರುತ್ತವೆ: ಬಂದನು, ಕಂಡಳು, ನುಡಿದನು. ಪದ್ಯ ಮುಗಿದೊಡನೆ ಪಾತ್ರಧಾರಿ ಅದರ ಅರ್ಥವನ್ನು ಹೇಳುತ್ತಾನೆ, ಅದು ಉತ್ತಮ ಪುರುಷದಲ್ಲಿ: ನಾನು ಬಂದೆ, ನಾನು ಕಂಡೆ. ಕುಣಿಯುವ ದೇಹ ಒಂದು. ಅದನ್ನು ಕುರಿತು ಹೇಳುವ ಬಾಯಿ ಇನ್ನೊಂದು. ಎರಡೂ ಪ್ರೇಕ್ಷಕರ ಎದುರಿಗೇ ಇವೆ. ಭಾಗವತ ಪಾತ್ರವನ್ನು ಮಾತನಾಡಿಸಲೂ ಬಲ್ಲ, ಬಂದವರು ಯಾರೆಂದು ಕೇಳಲೂ ಬಲ್ಲ. ಲಂಡನ್ನಿನಲ್ಲಿ ಒಂಬತ್ತು ವುಲ್ಫ್‌ಗಳನ್ನು ಸೃಷ್ಟಿಸಿ ಸಾಧಿಸಬೇಕಾದ ಕೆಲಸವನ್ನು ಇಲ್ಲಿ ಹಿಮ್ಮೇಳದ ಮಂಚದ ಮೇಲೆ ಕುಳಿತ ಒಬ್ಬ ವ್ಯಕ್ತಿ ತಲೆತಲಾಂತರದಿಂದ ಮಾಡುತ್ತ ಬಂದಿದ್ದಾನೆ.

‘ಒರ್ಲಾಂಡೊ’ ಕನ್ನಡದಲ್ಲಿ ಈ ರೂಪವನ್ನು ಪಡೆದರೆ ಪರಿವರ್ತನೆಯ ದೃಶ್ಯಕ್ಕೆ ಬೇಕಾದದ್ದು ಬಣ್ಣ ಬಟ್ಟೆಗಳ ಚಮತ್ಕಾರವಲ್ಲ. ಭಾಗವತ ‘ಎದ್ದನು’ ಎಂದು ಪದ್ಯ ಎತ್ತಿ, ಎದುರಿಗಿದ್ದವರನ್ನು ನೋಡಿ, ಪ್ರತ್ಯಯದಲ್ಲಿ ತಡವರಿಸಿ ನಿಂತರೆ ಸಾಕು. ಪಾತ್ರಧಾರಿ ಅದೇ ಗಳಿಗೆಯಲ್ಲಿ ‘ನಾನು ಎದ್ದೆ’ ಎಂದು ನಿರಾತಂಕವಾಗಿ ಅರ್ಥ ಹೇಳಬಲ್ಲರು. ತಡವರಿಕೆ ನೋಡುವವರದು, ನಿರಾಳ ಬದುಕುವವರದು. ವುಲ್ಫ್ ಅವರ ಅಧ್ಯಾಯವೊಂದರ ಸಾರ ಕನ್ನಡದ ಎರಡು ಕ್ರಿಯಾಪದಗಳಲ್ಲಿ ಬಂದುಬಿಡುತ್ತದೆ.

ಇದಕ್ಕೆ ಬದಲಾಗಿ ಉದ್ದಕ್ಕೂ ‘ಅವರು’ ಎಂಬ ಗೌರವ ಬಹುವಚನವನ್ನು ಬಳಸಿದರೆ ತೊಡಕೇ ಇರುವುದಿಲ್ಲವಲ್ಲ ಎಂಬ ಸಲಹೆ ಬರಬಹುದು. ನಿಜ ಬದುಕಿನಲ್ಲಿ ಅದು ಉತ್ತಮ ದಾರಿ. ಯಾವುದೇ ವ್ಯಕ್ತಿಯನ್ನು ಅವರು ಬಯಸಿದ ರೂಪದಲ್ಲಿ, ಅದು ತಿಳಿಯದಾಗ ‘ಅವರು’ ಎಂದು ಹೇಳುವುದು ಕನ್ನಡ ಸಹಜವಾಗಿ ಒದಗಿಸಿರುವ ಸೌಜನ್ಯ. ಆದರೆ ಕೃತಿಯಲ್ಲಿ ಅದೇ ದಾರಿ ಹಿಡಿದರೆ ನಡೆದ ಘಟನೆಯೇ ಅಳಿಸಿಹೋಗುತ್ತದೆ. ಲೋಕ ಒಬ್ಬ ವ್ಯಕ್ತಿಯನ್ನು ‘ಅವನು’ ಎಂದು ಕರೆಯುತ್ತಿದ್ದಾಗ ದಕ್ಕಿದ್ದ ಮನೆ, ಮಾತು, ಮಾನ್ಯತೆಗಳು ‘ಅವಳು’ ಎಂದೊಡನೆ ಹೇಗೆ ಕೈಬಿಟ್ಟವು ಎಂಬುದನ್ನು ಕಾಣಿಸಬೇಕಾದರೆ ಆ ಎರಡೂ ಪದಗಳು ಕಿವಿಗೆ ಬೀಳಬೇಕು.

ಯಕ್ಷಗಾನದ ಸ್ತ್ರೀವೇಷ ಪರಂಪರೆಯನ್ನು ಇಲ್ಲಿ ನೆನೆಯುವುದು ಸಹಜ. ಹಿಂದಿನ ಮೇಳಗಳಲ್ಲಿ ಕಲಿಯುವ ಹುಡುಗನು ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷಗಳ ಮೆಟ್ಟಿಲುಗಳನ್ನು ಹತ್ತಿ ಪುರುಷವೇಷಕ್ಕೆ ಬರುತ್ತಿದ್ದನು. ಒಬ್ಬನೇ ಕಲಾವಿದನ ಆಯುಷ್ಯದಲ್ಲಿ ಹೆಣ್ಣಿನಿಂದ ಗಂಡಿಗೆ ಸಾಗುವ, ಒರ್ಲಾಂಡೊನಿಗೆ ತಿರುವುಮುರುವಾದ ಪಯಣವದು. ಕೆರೆಮನೆ ಗಜಾನನ ಹೆಗಡೆಯವರಂಥವರು ಸ್ತ್ರೀವೇಷದಲ್ಲಿಯೇ ಹೆಸರಾದರು. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಆರ್. ಗಣೇಶ್ ಅವರೊಡನೆ ಸ್ತ್ರೀಪಾತ್ರಗಳನ್ನೇ ಕೇಂದ್ರವಾಗಿಸಿ ಏಕವ್ಯಕ್ತಿ ಯಕ್ಷಗಾನವನ್ನು ರೂಪಿಸಿದರು. ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದೇ ನಾಟಕ ಮಂಡಳಿಯನ್ನು ಕಟ್ಟಿ ಕಂಸ ದುರ್ಯೋಧನರ ಪಾತ್ರಗಳಲ್ಲಿ ಮೆರೆದರು. ದೇಹ ಒಂದು, ವೇಷ ಇನ್ನೊಂದು ಎಂಬುದು ಕನ್ನಡದ ಪ್ರೇಕ್ಷಕರಿಗೆ ಹೊಸ ಪಾಠವೇನಲ್ಲ.

ಆದರೆ ಈ ಪರಂಪರೆಯ ಮೇಲೆ ಅತಿಯಾದ ಭರವಸೆ ಇಡುವುದು ತಪ್ಪಾಗುತ್ತದೆ. ಭಸ್ಮಾಸುರನ ಎದುರು ಕುಣಿಯುವ ಮೋಹಿನಿ ವಿಷ್ಣುವಿನ ವೇಷಾಂತರ. ಕೆಲಸ ಮುಗಿದೊಡನೆ ಅವನು ಮತ್ತೆ ವಿಷ್ಣು. ‘ಒರ್ಲಾಂಡೊ’ ಕಾದಂಬರಿಯಲ್ಲಿಯೂ ಇಂಥ ವೇಷಾಂತರವಿದೆ: ಹೆಣ್ಣುಡುಗೆಯಲ್ಲಿ ಬಂದು ಕಾಡುವ ರೊಮೇನಿಯದ ಆರ್ಚ್‌ಡಚೆಸ್ ಮುಂದೆ ಗಂಡಸೆಂದು ತಿಳಿಯುತ್ತದೆ, ಅದು ನಗೆಯ ಪ್ರಸಂಗ. ಒರ್ಲಾಂಡೊನದು ವೇಷಾಂತರವಲ್ಲ, ಪರಿವರ್ತನೆ. ಮಹಾಭಾರತದಲ್ಲಿ ಅದಕ್ಕೆ ಹೋಲುವುದು ಮೋಹಿನಿಯಲ್ಲ, ಅಂಬೆ ಶಿಖಂಡಿಯಾದ ಕಥೆ. ಅಲ್ಲಿ ಮರಳುವ ದಾರಿಯಿಲ್ಲ, ಮರಳುವ ಬಯಕೆಯೂ ಇಲ್ಲ. ಭೀಷ್ಮನು ಶಿಖಂಡಿಯನ್ನು ‘ಅವನು’ ಎಂದು ಒಪ್ಪದೆ ಬಿಲ್ಲನ್ನು ಕೆಳಗಿಡುವುದೂ ಒಂದು ಸರ್ವನಾಮದ ನಿರ್ಣಯವೇ. ರೂಪಾಂತರಕಾರರು ಮೋಹಿನಿಯ ಮಾದರಿಯನ್ನು ಹಿಡಿದರೆ ಒರ್ಲಾಂಡೊ ಕೇವಲ ಬೆರಗಿನ ವಸ್ತುವಾಗುತ್ತಾಳೆ. ಅಂಬೆಯ ಮಾದರಿಯನ್ನು ಹಿಡಿದರೆ ಮಾತ್ರ ವ್ಯಕ್ತಿಯಾಗುತ್ತಾಳೆ.

ಇನ್ನೂ ಕಠಿಣವಾದ ಮಾತೊಂದಿದೆ. ರಾತ್ರಿ ಸ್ತ್ರೀವೇಷಕ್ಕೆ ಮಾರುಹೋಗುವ ಸಮಾಜವೇ ಹಗಲಿನಲ್ಲಿ ಹೆಣ್ಣಿನಂತೆ ನಡೆಯುವ ಹುಡುಗನನ್ನು ಹಂಗಿಸುತ್ತದೆ. ವೇಷವನ್ನು ಕಳಚಬಲ್ಲವನಿಗೆ ಪ್ರಶಂಸೆ, ಕಳಚಲಾಗದವನಿಗೆ ಅವಮಾನ. ಕಲೆಯಾಗಿ ಒಪ್ಪಿತವಾದದ್ದು ಬದುಕಾಗಿ ಒಪ್ಪಿತವಾಗಿಲ್ಲ. ಆದ್ದರಿಂದ ‘ಒರ್ಲಾಂಡೊ’ವನ್ನು ಆಡಬೇಕಾದವರು ಯಾರು ಎಂಬ ಪ್ರಶ್ನೆಯನ್ನು ನಟನಾ ಕೌಶಲದ ಪ್ರಶ್ನೆಯೆಂದು ಮುಗಿಸಿಬಿಡಲಾಗದು. ಕನ್ನಡ ರಂಗಭೂಮಿಯು ಈ ದಿಕ್ಕಿನಲ್ಲಿ ಒಂದು ಮುಖ್ಯ ಹೆಜ್ಜೆಯನ್ನು ಈಗಾಗಲೇ ಇಟ್ಟಿದೆ. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡವು ಎಂ. ಗಣೇಶ್ ಅವರ ನಿರ್ದೇಶನದಲ್ಲಿ ಅದನ್ನು ನಾಟಕವಾಗಿ ಊರೂರಿಗೆ ಒಯ್ದಿತು. ರೇವತಿಯವರು ತಮ್ಮ ಬದುಕನ್ನು ತಾವೇ ಏಕವ್ಯಕ್ತಿ ಪ್ರದರ್ಶನವಾಗಿ ರಂಗದ ಮೇಲೆ ನುಡಿದದ್ದೂ ಉಂಟು. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಅಲ್ಲಿಯವರೆಗೆ ಇಂಥವರನ್ನು ಕುರಿತು ಮಾತನಾಡುತ್ತಿದ್ದ ರಂಗ ಮತ್ತು ಸಂಸ್ಥೆಗಳು ಅವರ ‘ನಾನು’ ಎಂಬ ಮಾ‌ತಿಗೆ ಕಿವಿಗೊಟ್ಟದ್ದು ಇಲ್ಲಿಯ ವಿಶೇಷ. ಆತ್ಮಕಥೆಯ ರಂಗರೂಪ ಮಾಡಿದ ಈ ಕೆಲಸವನ್ನು ಕಾದಂಬರಿಯ ರಂಗರೂಪವು ಮುಂದುವರಿಸಬೇಕೇ ಹೊರತು ಹಿಂದಕ್ಕೆ ಒಯ್ಯಬಾರದು.

ನ್ಯಾಯಾಲಯ ಮತ್ತು ಶಾಸನಗಳಲ್ಲಿಯೂ ಇದೇ ಜಗ್ಗಾಟವಿದೆ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಕರಣದಲ್ಲಿ, ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಎತ್ತಿಹಿಡಿಯಿತು. 2019ರಲ್ಲಿ ಬಂದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ ಕಾಯ್ದೆಯು ಅದೇ ಗುರುತಿಗೆ ಜಿಲ್ಲಾಧಿಕಾರಿಯ ಪ್ರಮಾಣಪತ್ರವನ್ನು ವಿಧಿಸಿತು. ತೀರ್ಪು ಉತ್ತಮ ಪುರುಷಕ್ಕೆ ಮನ್ನಣೆ ಕೊಟ್ಟಿತು; ಕಾಯ್ದೆ ಮತ್ತೆ ಪ್ರಥಮ ಪುರುಷದ ಮೊಹರನ್ನು ಕೇಳಿತು. ಒರ್ಲಾಂಡೊನ ಮೊಕದ್ದಮೆಯನ್ನು ಕನ್ನಡದ ಪ್ರೇಕ್ಷಕರು ದೂರದ ಇಂಗ್ಲೆಂಡಿನ ಹಳೆಯ ಹಾಸ್ಯವೆಂದು ತಳ್ಳಿಹಾಕುವಂತಿಲ್ಲ.

ಕನ್ನಡದಲ್ಲಿ ರೂಪಾಂತರದ ಅನುಭವಕ್ಕೆ ಕೊರತೆಯಿಲ್ಲ. ಕಾಯ್ಕಿಣಿಯ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ಜಯಂತ ಕಾಯ್ಕಿಣಿಯವರು ರಷ್ಯದ ಯೆಹೂದಿ ಕುಟುಂಬದ ಕಥೆಯಾದ ‘ಫಿಡ್ಲರ್ ಆನ್ ದ ರೂಫ್’ ಅನ್ನು ‘ಜತೆಗಿರುವನು ಚಂದಿರ’ ಎಂದು ಕನ್ನಡ ನೆಲದ ಮುಸ್ಲಿಂ ಕುಟುಂಬವೊಂದರ ಬದುಕಿಗೆ ಒಗ್ಗಿಸಿದರು. 2010ರಲ್ಲಿ ಮೈಸೂರಿನ ರಂಗಾಯಣವು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಾತ್ರಿಯಿಡೀ ಆಡಿದಾಗ, ಕೆ. ವೈ. ನಾರಾಯಣಸ್ವಾಮಿಯವರ ರಂಗರೂಪವು ಕಥೆ ಹೇಳುವ ಹೊಣೆಯನ್ನು ಜೋಗಿಗಳಿಗೂ ಹೆಳವರಿಗೂ ವಹಿಸಿತ್ತು. ಕಾದಂಬರಿಯ ಕಥನಕಾರನನ್ನು ಕೊಲ್ಲದೆ ರಂಗಕ್ಕೆ ತರುವ ದಾರಿ ಕನ್ನಡಕ್ಕೆ ತಿಳಿದಿದೆ.

‘ಒರ್ಲಾಂಡೊ’ವನ್ನು ಈ ನೆಲಕ್ಕೆ ಒಗ್ಗಿಸುವವರಿಗೆ ಕಾಲವೂ ಅನುಕೂಲವಾಗಿದೆ. ಎಲಿಜಬೆತ್ ರಾಣಿ ಆಳಿದ್ದು 1558ರಿಂದ 1603ರವರೆಗೆ. ಅದೇ ಕಾಲಕ್ಕೆ ಗೇರುಸೊಪ್ಪೆ ಹಾಡುವಳ್ಳಿಗಳನ್ನು ಆಳುತ್ತಿದ್ದವಳು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿ. ಕಡಲಿನಾಚೆ ಹೆಣ್ಣೆಂಬ ಕಾರಣಕ್ಕೆ ಮನೆ ಕಳೆದುಕೊಂಡವಳ ಕಥೆಯನ್ನು, ಹೆಣ್ಣೊಬ್ಬಳು ರಾಜ್ಯವನ್ನೇ ಆಳಿದ ಈ ಕರಾವಳಿಯಲ್ಲಿ ನೆಲೆಗೊಳಿಸಿದರೆ, ಆ ನಷ್ಟ ಪ್ರಕೃತಿಯ ನಿಯಮವಲ್ಲ, ಒಂದು ನಾಡಿನ ರೂಢಿ ಎಂಬುದು ತಾನಾಗಿಯೇ ವೇದ್ಯವಾಗುತ್ತದೆ. ಇಲ್ಲಿಯ ಒರ್ಲಾಂಡೊ ಮೆಣಸಿನ ಹಡಗುಗಳ ಕಾಲದಲ್ಲಿ ಹುಡುಗನಾಗಿ ಹೊರಟು, ಹೆಣ್ಣಾಗಿ ಮರಳಿ, ಬ್ರಿಟಿಷರ ಕಂದಾಯ ದಾಖಲೆಗಳ ಕಾಲಕ್ಕೆ ಕಟಕಟೆಯಲ್ಲಿ ನಿಲ್ಲಬಹುದು.

ಅಂಥ ಪ್ರಯೋಗದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಹೊಣೆ ಬೀಳುವುದು ಭಾಗವತನ ಮೇಲೆ. ಅವನು ನಗಿಸಬಹುದು, ತಡವರಿಸಬಹುದು, ತಪ್ಪು ಪ್ರತ್ಯಯವನ್ನು ಹಾಡಿ ತಿದ್ದಿಕೊಳ್ಳಬಹುದು. ಆದರೆ ಆಟ ಮುಗಿಯುವುದರೊಳಗೆ ಅವನು ಕಲಿಯಬೇಕಾದ ಪಾಠವೊಂದಿದೆ: ಪದ್ಯವನ್ನು ಎತ್ತುವ ಮೊದಲು ಎದುರಿಗೆ ನಿಂತವರನ್ನು ಕೇಳುವುದು. ಬಂದವರು ಯಾರೆಂದು ಕೇಳುವ ಸಂಪ್ರದಾಯ ಯಕ್ಷಗಾನದಲ್ಲಿ ಹೇಗೂ ಇದೆ. ಉತ್ತರಕ್ಕಾಗಿ ಕಾಯುವ ವ್ಯವಧಾನವನ್ನು ರಂಗವೂ, ರಂಗದ ಎದುರಿಗೆ ಕುಳಿತವರೂ ಬೆಳೆಸಿಕೊಳ್ಳಬೇಕಾಗಿದೆ.